ಪುಣೆ–ಹುಬ್ಬಳ್ಳಿ ರೈಲು ಹಾದಿ ಮತ್ತು ಆಂಟ್ವರ್ಪ್‌ಗೆ ಹೋದ ಆರು ಮಂದಿ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರು. 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆ. ಅದರಲ್ಲಿ ಭಾರತಕ್ಕೆ ಹಿಂದೆಂದೂ ಪದಕ ಬಂದಿರಲಿಲ್ಲ. ಊರಿಗೆಲ್ಲ ಸಂತೋಷವಾಯಿತು, ಆದರೆ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯಿಂದ ಬದುಕಿದ ಮನೆಗಳಿಗೆ ಆದದ್ದು ಬೇರೆಯೇ ತರಹದ ಸಂತೋಷ. ಕುಸಾಳೆ ಮಧ್ಯ ರೈಲ್ವೆಯ ಪುಣೆಯಲ್ಲಿ ಟಿ.ಸಿ. ಆಗಿದ್ದವರು. ನಮ್ಮ ಅಪ್ಪ ದುಡಿದದ್ದು ಗದಗ ರಸ್ತೆಯ ವರ್ಕ್‌ಶಾಪಿನಲ್ಲಿ. ಆ ಸಂಜೆ ಅವರ ಜೊತೆಯಲ್ಲಿ ನಿವೃತ್ತರಾದ ಕಾಕಾ ಒಬ್ಬರು ಫೋನ್ ಮಾಡಿ, "ನಮ್ಮ ರೈಲ್ವೆ ಹುಡುಗ ನೋಡ ತಮ್ಮಾ, ಟಿಕೀಟ್ ನೋಡೋ ಕೈ ಬಂದೂಕ ಹಿಡದೈತಿ," ಎಂದರು. ಅವರಿಗೆ ಗಂಟಲು ಕಟ್ಟಿತ್ತು. ಮಧ್ಯ ರೈಲ್ವೆ ಬೇರೆ, ನೈಋತ್ಯ ರೈಲ್ವೆ ಬೇರೆ ಎಂಬ ಲೆಕ್ಕ ಆ ಪ್ರೀತಿಯ ಮುಂದೆ ನಿಲ್ಲುವುದಿಲ್ಲ.

ಕುಸಾಳೆ ಕೊಲ್ಹಾಪುರ ಜಿಲ್ಲೆಯವರು. ಆ ಹೆಸರು ಕಿವಿಗೆ ಬಿದ್ದಾಗ ನನಗೆ ಬಹಳ ಹಿಂದಿನ ಒಂದು ಪಟ್ಟಿ ನೆನಪಾಯಿತು. 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ನಗರದಲ್ಲಿ ಒಲಿಂಪಿಕ್ಸ್ ನಡೆದಾಗ ಭಾರತದಿಂದ ಮೊದಲ ಸಲ ಒಂದು ತಂಡ ಹೋಯಿತು. 1900ರಲ್ಲಿ ನಾರ್ಮನ್ ಪ್ರಿಚರ್ಡ್ ಪ್ಯಾರಿಸ್‌ನಲ್ಲಿ ಓಡಿ ಎರಡು ಬೆಳ್ಳಿ ಗೆದ್ದಿದ್ದರು ನಿಜ, ಆದರೆ ಅವರು ಹೋದದ್ದು ಒಬ್ಬರೇ. ತಂಡ ಎಂದು ಆರಿಸಿ, ಹಣ ಕೂಡಿಸಿ, ಹಡಗು ಹತ್ತಿಸಿ ಕಳಿಸಿದ್ದು 1920ರಲ್ಲೇ ಮೊದಲು. ಓಟಕ್ಕೆ ನಾಲ್ವರು, ಕುಸ್ತಿಗೆ ಇಬ್ಬರು. ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ಊರುಗಳಿವೆ: ಪೂರ್ಮ ಬ್ಯಾನರ್ಜಿ, ಬಂಗಾಳ. ಫಡೆಪ್ಪ ದರೆಪ್ಪ ಚೌಗುಲೆ, ಬೆಳಗಾವಿ. ಸದಾಶಿವ ದಾತಾರ, ಸಾತಾರಾ. ಕೈಕಾಡಿ, ಹುಬ್ಬಳ್ಳಿ. ಪೈಲ್ವಾನರಲ್ಲಿ ಕುಮಾರ ನವಲೆ ಮುಂಬಯಿಯವರು, ರಣಧೀರ ಶಿಂಧೆ ಕೊಲ್ಹಾಪುರದವರು.

ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ. ರೈಲ್ವೆ ಮನೆಯಲ್ಲಿ ಹುಟ್ಟಿದವರಿಗೆ ಇದು ಊರುಗಳ ಪಟ್ಟಿಯಂತೆ ಕಾಣುವುದಿಲ್ಲ, ಸ್ಟೇಷನ್ನುಗಳ ಪಟ್ಟಿಯಂತೆ ಕಾಣುತ್ತದೆ. ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀಟರ್ ಗೇಜ್ ಹಳಿ ಪುಣೆಯಿಂದ ಹೊರಟು ಸಾತಾರಾ ರೋಡ್, ಕರಾಡ, ಮಿರಜ ದಾಟಿ, ಬೆಳಗಾವಿ, ಲೋಂಡಾ, ಧಾರವಾಡದ ಮೇಲೆ ಹುಬ್ಬಳ್ಳಿಗೆ ಬರುತ್ತಿತ್ತು. ಮಿರಜದಿಂದ ಕೊಲ್ಹಾಪುರಕ್ಕೆ ಒಂದು ಕವಲು. ಆ ಕಂಪನಿಯ ಮುಖ್ಯ ಕಚೇರಿ ಮೊದಲು ಇದ್ದದ್ದೇ ಧಾರವಾಡದಲ್ಲಿ. ಅದರ ವರ್ಕ್‌ಶಾಪ್ ಹುಬ್ಬಳ್ಳಿಯಲ್ಲಿ. ಮೂವತ್ತು ಕೋಟಿ ಜನರ ದೇಶದ ಮೊದಲ ಒಲಿಂಪಿಕ್ ತಂಡದ ಆರು ಜನರಲ್ಲಿ ನಾಲ್ವರು ಒಂದೇ ರೈಲು ಹಾದಿಯ ಊರುಗಳವರು. ಮದ್ರಾಸಿನವರು ಇಲ್ಲ, ಮೈಸೂರಿನವರು ಇಲ್ಲ, ಪಂಜಾಬಿನವರೂ ಇಲ್ಲ.

ಇದು ಹೇಗಾಯಿತು ಎಂಬುದನ್ನು ನಿಧಾನವಾಗಿ ನೋಡಬೇಕು. ಇದರೊಳಗೆ ಇವತ್ತಿಗೂ ನಮಗೆ ಬೇಕಾದ ಸಂಗತಿ ಇದೆ ಎಂದು ನಾನು ನಂಬಿದ್ದೇನೆ.

ಪುಣೆಯ ಡೆಕ್ಕನ್ ಜಿಮ್ಖಾನಾ 1919ರಲ್ಲಿ ನಡೆಸಿದ ಕ್ರೀಡಾಕೂಟಕ್ಕೆ ಅದರ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ಬಂದಿದ್ದರು. ಜಮ್ಶೆಟ್‌ಜಿ ಟಾಟಾ ಅವರ ಹಿರಿಯ ಮಗ, ಇಂಗ್ಲೆಂಡಿನಲ್ಲಿ ಓದುವಾಗ ತಾವೂ ಆಟ ಆಡಿದವರು. ಅಲ್ಲಿ ಓಡಲು ಬಂದವರಲ್ಲಿ ಬಹಳ ಮಂದಿ ಹೊಲಮನೆಯ ಹುಡುಗರು. ಓಟದ ನಿಯಮ ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಕಾಲಲ್ಲಿ ಬೂಟಿಲ್ಲ, ಜಲ್ಲಿ ಹಾಕಿ ಬಿಗಿದ ಗಟ್ಟಿ ರಸ್ತೆಯ ಮೇಲೆ ಬರಿಗಾಲಲ್ಲಿ ಮೈಲಿಗಟ್ಟಲೆ ಓಡಿದರು. ಅವರು ತೆಗೆದುಕೊಂಡ ಸಮಯ ನೋಡಿದರೆ ಯುರೋಪಿನ ಒಳ್ಳೆಯ ಓಟಗಾರರಿಗೆ ಬಹಳ ದೂರವಿರಲಿಲ್ಲ. ಬಹುಮಾನ ಕೊಡಲು ಬಂದಿದ್ದ ಮುಂಬಯಿ ಗವರ್ನರ್ ಜಾರ್ಜ್ ಲಾಯ್ಡ್ ಅವರಿಗೆ ದೊರಾಬ್ಜಿ ಹೇಳಿದ್ದು ಇಷ್ಟು: ಮುಂದಿನ ವರ್ಷ ಆಂಟ್ವರ್ಪ್‌ಗೆ ಇವರನ್ನು ಕಳಿಸೋಣ. ಗವರ್ನರ್ ಲಂಡನ್ನಿನೊಂದಿಗೆ ಮಾತಾಡಿದರು, ಒಲಿಂಪಿಕ್ ಸಮಿತಿಯ ಒಪ್ಪಿಗೆ ಬಂತು, ಪುಣೆಯಲ್ಲೇ ಆಯ್ಕೆ ನಡೆಯಿತು. ಹಣದಲ್ಲಿ ದೊಡ್ಡ ಪಾಲು ದೊರಾಬ್ಜಿಯವರ ಕೈಯಿಂದ ಬಂತು, ಉಳಿದದ್ದು ಸರಕಾರ ಮತ್ತು ಊರ ದೊಡ್ಡವರಿಂದ. ವ್ಯವಸ್ಥಾಪಕರಾಗಿ ಸೊಹ್ರಾಬ್ ಭೂತ್, ಜೊತೆಗೆ ಡಾ. ಫೈಜಿ.

ಎಂದರೆ ಆಯ್ಕೆದಾರರು ದೇಶವನ್ನೆಲ್ಲ ಸುತ್ತಿ ಹುಡುಕಲಿಲ್ಲ. ಹುಡುಕುವಷ್ಟು ಸಮಯವೂ ಇರಲಿಲ್ಲ, ವ್ಯವಸ್ಥೆಯೂ ಇರಲಿಲ್ಲ. ಯಾರು ಪುಣೆಯ ಮೈದಾನ ಮುಟ್ಟಬಲ್ಲರೋ ಅವರನ್ನು ನೋಡಿದರು. ಸಾತಾರಾದ ಹುಡುಗ ರೈಲು ಹತ್ತಿದರೆ ಪುಣೆ. ಬೆಳಗಾವಿಯವನಿಗೂ ಅಷ್ಟೇ, ಹುಬ್ಬಳ್ಳಿಯವನಿಗೂ ಅಷ್ಟೇ. ಅದೇ ವರ್ಷ ರಾಣೇಬೆನ್ನೂರಿನ ಹತ್ತಿರದ ಯಾವುದೋ ಹಳ್ಳಿಯಲ್ಲೋ, ರೋಣದ ಎರೆಹೊಲದಲ್ಲೋ ಚೌಗುಲೆಗಿಂತ ಚೆನ್ನಾಗಿ ಓಡುವ ಒಬ್ಬ ಇದ್ದಿರಬಹುದು. ಅವನನ್ನು ಪುಣೆಯ ತನಕ ಒಯ್ಯುವ ಹಾದಿ ಇರಲಿಲ್ಲ. ರಾಷ್ಟ್ರೀಯ ತಂಡ ಎಂದಾಗ ನಾವು ದೇಶದ ಅತ್ಯುತ್ತಮರು ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಹಾದಿ ಇದ್ದ ಊರುಗಳ ಅತ್ಯುತ್ತಮರ ತಂಡ. ನೂರು ವರ್ಷ ಹಿಂದೆ ಹಾಗಿತ್ತು, ಇವತ್ತಿಗೂ ದೊಡ್ಡ ಮಟ್ಟಿಗೆ ಹಾಗೇ ಇದೆ.

ಈಗ ಆಂಟ್ವರ್ಪ್‌ಗೆ ಬರೋಣ. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. 1916ರ ಬರ್ಲಿನ್ ಒಲಿಂಪಿಕ್ಸ್ ಯುದ್ಧದಲ್ಲಿ ಹೋಗಿತ್ತು. ಬೆಲ್ಜಿಯಂ ಪೆಟ್ಟು ತಿಂದ ದೇಶ. ಅದಕ್ಕೆ ಗೌರವ ಎಂದು ಕೂಟವನ್ನು ಅಲ್ಲಿಗೆ ಕೊಟ್ಟಿದ್ದರು. ಸೋತ ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಬಲ್ಗೇರಿಯಾ, ಟರ್ಕಿಗಳಿಗೆ ಕರೆ ಇರಲಿಲ್ಲ. ಐದು ಬಳೆಗಳ ಒಲಿಂಪಿಕ್ ಧ್ವಜ ಕೂಟದಲ್ಲಿ ಮೊದಲ ಸಲ ಹಾರಿದ್ದು ಅಲ್ಲೇ, ಕ್ರೀಡಾಪಟು ಪ್ರತಿಜ್ಞೆ ಮಾಡುವ ಪದ್ಧತಿ ಶುರುವಾದದ್ದೂ ಅಲ್ಲೇ. ನಮ್ಮವರ ಮುಂದೆ ಬಾವುಟ ಹಿಡಿದವರು ಬ್ಯಾನರ್ಜಿ. ಆ ಬಾವುಟ ನಮ್ಮದಾಗಿರಲಿಲ್ಲ, ಸಾಮ್ರಾಜ್ಯದ್ದಾಗಿತ್ತು.

ಆಗಸ್ಟ್ 22ರಂದು ಮ್ಯಾರಥಾನ್. ಈ ಓಟದ ವಿವರ ಓದಿದಷ್ಟೂ ನನಗೆ ಇನ್ನಷ್ಟು ಓದಬೇಕೆನಿಸುತ್ತದೆ. ಈಗಿನ ಮ್ಯಾರಥಾನ್ ದೂರ 42.195 ಕಿಲೋಮೀಟರ್, ಆಂಟ್ವರ್ಪ್‌ನಲ್ಲಿ ಓಡಿಸಿದ್ದು 42.75. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ತಣ್ಣನೆಯ ದಿನ, ಮಳೆ. ಗೆದ್ದವರು ಫಿನ್ಲೆಂಡಿನ ಹಾನ್ನೆಸ್ ಕೋಲೆಹ್ಮೈನೆನ್, 2 ಗಂಟೆ 32 ನಿಮಿಷ 35 ಸೆಕೆಂಡು. ಅವರ ಹಿಂದೆ ಹದಿಮೂರು ಸೆಕೆಂಡಿನ ಅಂತರದಲ್ಲಿ ಎಸ್ಟೋನಿಯಾದ ಯೂರಿ ಲೊಸ್ಮಾನ್. ಬೆಳಗಾವಿಯ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಗುರಿ ಮುಟ್ಟಿದರು. ಹತ್ತೊಂಬತ್ತನೆಯವರು. ಸಾತಾರಾದ ದಾತಾರರಿಗೆ ಓಟ ಮುಗಿಸಲಾಗಲಿಲ್ಲ.

ಗೆದ್ದ ಕೋಲೆಹ್ಮೈನೆನ್ ಕತೆಯನ್ನು ಚೌಗುಲೆಯ ಕತೆಯ ಪಕ್ಕದಲ್ಲಿ ಇಟ್ಟು ನೋಡಬೇಕು. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಇದೇ ಮನುಷ್ಯ ಮೂರು ಚಿನ್ನ ಗೆದ್ದಿದ್ದರು. ಆಗ ಫಿನ್ಲೆಂಡ್ ರಷ್ಯಾದ ಝಾರ್ ಕೈಕೆಳಗಿನ ನಾಡು. ಗೆದ್ದವರು ಫಿನ್ಲೆಂಡಿನವರು, ಮೇಲೇರಿದ್ದು ರಷ್ಯಾದ ಬಾವುಟ. ಎಂಟು ವರ್ಷ ಕಳೆದು ಆಂಟ್ವರ್ಪ್‌ಗೆ ಬರುವಾಗ ಫಿನ್ಲೆಂಡ್ ಸ್ವತಂತ್ರವಾಗಿತ್ತು. ಅವರ ಗೆಲುವಿಗೆ ಏರಿದ್ದು ಅವರದೇ ನೀಲಿ ಶಿಲುಬೆಯ ಬಾವುಟ. ಎರಡನೆಯವರಾದ ಲೊಸ್ಮಾನ್‌ರ ಎಸ್ಟೋನಿಯಾ ಸ್ವತಂತ್ರವಾಗಿ ಎರಡೇ ವರ್ಷ, ಒಲಿಂಪಿಕ್ಸ್‌ಗೆ ಅವರೂ ಮೊದಲ ಸಲ ಬಂದವರು. ಹೀಗೆ ಆ ಮಳೆಯ ರಸ್ತೆಯಲ್ಲಿ ಮುಂದೆ ಓಡಿದ ಇಬ್ಬರೂ ಆಳಿಸಿಕೊಂಡ ನಾಡುಗಳಿಂದ ಬಂದು ಬಿಡುಗಡೆ ಪಡೆದವರು. ಅದೇ ರಸ್ತೆಯಲ್ಲಿ ಚೌಗುಲೆ ಇನ್ನೂ ಆಳಿಸಿಕೊಳ್ಳುತ್ತಿದ್ದ ನಾಡಿನ ಮನುಷ್ಯ.

ಆ ಆಗಸ್ಟ್ ತಿಂಗಳಲ್ಲೇ, 1ನೇ ತಾರೀಖು, ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡಿದ್ದರು. ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ತಿಲಕರ ಮಾತಿಗೆ ಎಷ್ಟು ತೂಕವಿತ್ತೆಂಬುದು ಇಲ್ಲಿಯ ಹಳೆಯ ಮನೆತನಗಳಿಗೆ ಗೊತ್ತು. ನಮ್ಮ ಓಟಗಾರರು ಆ ಸುದ್ದಿ ಬಂದಾಗ ಕಡಲಾಚೆ ಇದ್ದರು. ಅದೇ 1920ರಲ್ಲಿ ಧಾರವಾಡದಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸೇರಿ, ಕನ್ನಡ ಮಾತಾಡುವ ಭಾಗಗಳೆಲ್ಲ ಒಂದಾಗಬೇಕೆಂದು ಗೊತ್ತುವಳಿ ಮಾಡಿತು. ಬೆಳಗಾವಿ, ಹುಬ್ಬಳ್ಳಿ ಆಗ ಮುಂಬಯಿ ಇಲಾಖೆಯಲ್ಲಿದ್ದವು. ಚೌಗುಲೆಯೂ ಕೈಕಾಡಿಯೂ ಭಾರತದವರೆಂದು ಹೋದಾಗ ಭಾರತ ಸ್ವತಂತ್ರವಲ್ಲ, ಕರ್ನಾಟಕ ಎಂಬ ರಾಜ್ಯ ನಕಾಶೆಯಲ್ಲೇ ಇಲ್ಲ. ದೇಶ ಆಗುವುದಕ್ಕಿಂತ ಮೊದಲೇ ದೇಶದ ತಂಡ ಆಗಿತ್ತು. ಆರು ಜನ ಒಂದೇ ಹಡಗಿನಲ್ಲಿ ಕೂತು, ಬಂಗಾಳದವನೂ ಕೊಲ್ಹಾಪುರದವನೂ ಹುಬ್ಬಳ್ಳಿಯವನೂ ಒಂದೇ ಹೆಸರಿನ ಕೆಳಗೆ ನಿಂತರಲ್ಲ, ಅದನ್ನು ನಾನು ಸಣ್ಣ ಸಂಗತಿ ಎಂದು ಎಣಿಸಲಾರೆ.

ಕುಸ್ತಿಯ ಕಡೆ ರಣಧೀರ ಶಿಂಧೆ ಪದಕದ ಹತ್ತಿರಕ್ಕೇ ಹೋಗಿದ್ದರು. ಕಂಚಿಗಾಗಿ ನಡೆದ ಕುಸ್ತಿಯಲ್ಲಿ ಬ್ರಿಟನ್ನಿನ ಪೈಲ್ವಾನನಿಗೆ ಸೋತರು. ನಮ್ಮ ಕಡೆಯ ಕುಸ್ತಿ ಮಣ್ಣಿನದು. ಗರಡಿಮನೆಯ ಕೆಂಪು ಮಣ್ಣು ಹದ ಮಾಡಿ, ವಸ್ತಾದರ ಕಾಲಿಗೆ ನಮಸ್ಕಾರ ಮಾಡಿ ಇಳಿಯುವುದು. ಬೆನ್ನು ನೆಲಕ್ಕೆ ಹತ್ತುವ ತನಕ ಕುಸ್ತಿ ಮುಗಿಯುವುದಿಲ್ಲ. ಅಲ್ಲಿ ಚಾಪೆ, ಅಂಕ, ಗಡಿಯಾರ. ಮಣ್ಣಿನಲ್ಲಿ ಕಲಿತ ಕಾಲು ಚಾಪೆಯ ಮೇಲೆ ನಿಲ್ಲಲು ಸಮಯ ಬೇಕು. ಆ ಸಮಯ ಶಿಂಧೆಯವರಿಗೆ ಸಿಗಲಿಲ್ಲ. ಆ ಕಂಚು 32 ವರ್ಷ ತಡವಾಗಿ, 1952ರಲ್ಲಿ ಹೆಲ್ಸಿಂಕಿಯಲ್ಲಿ ಬಂತು, ಖಾಶಾಬಾ ಜಾಧವ ಅವರಿಗೆ. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ. ಜಾಧವ ಅವರ ಊರು ಗೋಳೇಶ್ವರ, ಕರಾಡದ ಮಗ್ಗುಲಲ್ಲಿ. ಕರಾಡ ಎಂದರೆ ಮತ್ತೆ ಅದೇ ಹಳಿ.

ಇದನ್ನು ಬರೆಯುತ್ತ ಹೋದಂತೆ ಈ ಹಾದಿಯ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. 1964ರಲ್ಲಿ ಟೋಕಿಯೊದಲ್ಲಿ ಚಿನ್ನ ಗೆದ್ದ ಹಾಕಿ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲ ಇದ್ದರು. 2016ರಲ್ಲಿ ರಿಯೊದಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಫೈನಲ್ ಓಡಿ ಹತ್ತನೆಯವರಾದ ಲಲಿತಾ ಬಾಬರ್ ಸಾತಾರಾ ಜಿಲ್ಲೆಯ ಬರಗಾಲದ ಸೀಮೆಯವರು; 1984ರ ಪಿ.ಟಿ. ಉಷಾ ಅವರ ನಂತರ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಟ್ರ್ಯಾಕ್ ಓಟದ ಫೈನಲ್ ಮುಟ್ಟಿದ ಮೊದಲ ಭಾರತೀಯ ಮಹಿಳೆ, ಅವರೂ ರೈಲ್ವೆ ನೌಕರಿಯಲ್ಲಿದ್ದವರು. ಆಮೇಲೆ ಕೊಲ್ಹಾಪುರದ ಕುಸಾಳೆ. ಸಾತಾರಾ, ಕರಾಡ, ಕೊಲ್ಹಾಪುರ, ಬೆಳಗಾವಿ. ಹಾದಿಯ ಕೊನೆಗೆ ಇರುವ ನಮ್ಮ ಹುಬ್ಬಳ್ಳಿ ಈ ಸಾಲಿನಲ್ಲಿ ಹಿಂದೆ ಬಿದ್ದಿದೆ, ಮತ್ತು ಅದು ನನಗೆ ಕೊರಗು.

ಶಕ್ತಿ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಾವೇರಿ, ಗದಗ ಜಿಲ್ಲೆಗಳ ಯಾವ ಜಾತ್ರೆಗಾದರೂ ಹೋಗಿ ನೋಡಿ. ತೇರು ಎಳೆದ ಮರುದಿನ ಕುಸ್ತಿ ಇರುತ್ತದೆ. ಸಂಗ್ರಾಣಿ ಕಲ್ಲು ಎತ್ತುವವರು, ಜೋಳದ ಚೀಲ ಹೆಗಲಿಗೇರಿಸಿ ಓಡುವವರು, ಲಕ್ಷ್ಮೇಶ್ವರದ ಕಡೆ ಮಲ್ಲಕಂಬದ ಮೇಲೆ ಮೈಯನ್ನು ಬಳ್ಳಿಯಂತೆ ಸುತ್ತುವ ಹುಡುಗರು. ದೀಪಾವಳಿ ಮುಗಿದ ಮೇಲೆ ಹಾವೇರಿಯ ಹಳ್ಳಿಗಳಲ್ಲಿ ಹೋರಿ ಬೆದರಿಸುವಾಗ ಕೊಬ್ಬರಿ ಹರಿಯಲು ಓಡುವ ತರುಣರ ಮೊದಲ ಹತ್ತು ಹೆಜ್ಜೆ ನೋಡಿದರೆ ಯಾವ ತರಬೇತುದಾರನಿಗಾದರೂ ಕೈ ತುರಿಸಬೇಕು. ಧಾರವಾಡದಲ್ಲಿ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರ ಇದೆ, ಜಿಲ್ಲಾ ಕ್ರೀಡಾಂಗಣ ಇದೆ. ಬೆಳಿಗ್ಗೆ ಐದೂವರೆಗೆ ಕರ್ನಾಟಕ ಕಾಲೇಜು ಮೈದಾನಕ್ಕೆ ಹೋದರೆ ಪೊಲೀಸ್ ಭರ್ತಿಗೆ, ಸೈನ್ಯಕ್ಕೆ ತಯಾರಾಗುವ ಹುಡುಗರೇ ನೂರಾರು. ಓಡುವ ಕಾಲುಗಳಿಗೆ ಕೊರತೆ ಇಲ್ಲ.

ಕೊರತೆ ಇರುವುದು ಹಾದಿಯಲ್ಲಿ. ಹಾವೇರಿ ಕಡೆಯ ಒಂದು ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೋಗಿದ್ದೆ, ಗೆಳೆಯರೊಬ್ಬರು ಅಲ್ಲಿ ಪಿ.ಟಿ. ಮಾಸ್ತರು. ಒಂದು ದಿನ ಮೊದಲು ಮಳೆಯಾಗಿ ಮೈದಾನದ ಎರೆ ಕಾಲಿಗೆ ಅಂಟುತ್ತಿತ್ತು. ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ 1500 ಮೀಟರ್ ಓಡಿದಳು. ಶಾಲೆಯಿಂದ ಕೊಟ್ಟ ಬೂಟು ಸಡಿಲವೆಂದು ಬಿಚ್ಚಿಟ್ಟು ಬರಿಗಾಲಲ್ಲೇ ಓಡಿದಳು. ಎರಡನೆಯವಳು ಇನ್ನೂ ಕೊನೆಯ ತಿರುವಿನಲ್ಲಿ ಇರುವಾಗ ಇವಳು ಓಟ ಮುಗಿಸಿ ಬಾಟಲಿ ನೀರು ಕುಡಿಯುತ್ತಿದ್ದಳು. 1919ರಲ್ಲಿ ದೊರಾಬ್ಜಿ ಕಂಡದ್ದೇ ನನ್ನ ಕಣ್ಣೆದುರು ಇತ್ತು.

ನಾನು ಮಾಸ್ತರಿಗೆ ಕೇಳಿದೆ, "ಈ ಹುಡುಗಿ ಮುಂದ ಎಲ್ಲಿಗೆ ಹೋಗ್ತಾಳ್ರೀ?"

"ಜಿಲ್ಲಾಕ್ಕ ಹೋಗ್ತಾಳ್ರಿ. ಅಲ್ಲಿ ಗೆದ್ರ ವಿಭಾಗ ಮಟ್ಟಕ್ಕ. ಅಲ್ಲಿಂದ ಮುಂದ ಹುಡುಗೀನ ಕರಕೊಂಡು ಹೋಗೋರು ಯಾರ್ರಿ? ನಾ ಹೋದ್ರ ಇಲ್ಲಿ ಸಾಲಿ ಬಂದ್ ಆಗ್ತೈತಿ. ಅವರವ್ವಗ ಕೂಲಿ ಬಿಟ್ಟು ಹೋಗಾಕ ಆಗೂದಿಲ್ಲ."

ಅವಳ ಅಪ್ಪ ಮೈದಾನದ ಅಂಚಿಗೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. ಮಗಳು ಗೆದ್ದದ್ದಕ್ಕೆ ಮುಖದ ತುಂಬ ಬೆಳಕು. ಆದರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹಿಂಗ ಓಡಿದ್ರ ಮುಂದ ನೌಕರಿ ಸಿಗತೈತೇನ್ರಿ ಸಾಹೇಬ್ರ?"

ಈ ಪ್ರಶ್ನೆಯನ್ನು ಹಗುರ ಮಾಡಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದೇಶಕ್ಕಾಗಿ ಆಡಬೇಕು, ನೌಕರಿಗಾಗಿ ಅಲ್ಲ ಎಂದು ಪಟ್ಟಣದ ಸೋಫಾದ ಮೇಲೆ ಕೂತು ಹೇಳುವುದು ಸುಲಭ. ಎರಡು ಎಕರೆ ಒಣ ಬೇಸಾಯದ ಮನೆಯಲ್ಲಿ ಒಬ್ಬ ಮಗಳನ್ನು ಆರು ವರ್ಷ ಓಡಲು ಬಿಡುವುದೆಂದರೆ ಆರು ವರ್ಷದ ಕೂಲಿ, ಅವಳ ಊಟ, ಅವಳ ಮದುವೆಯ ಚಿಂತೆ ಎಲ್ಲವನ್ನೂ ಒತ್ತೆ ಇಟ್ಟ ಹಾಗೆ. ಆ ತಂದೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದಕ್ಕೆ ಈ ದೇಶದಲ್ಲಿ ಬಹಳ ಕಾಲದಿಂದ ಉತ್ತರ ಕೊಡುತ್ತ ಬಂದದ್ದು ರೈಲ್ವೆ, ಸೈನ್ಯ, ಪೊಲೀಸ್. ಕ್ರೀಡಾ ಕೋಟಾದಲ್ಲಿ ನೌಕರಿ ಕೊಟ್ಟು, ಅಭ್ಯಾಸಕ್ಕೆ ರಜೆ ಕೊಟ್ಟು, ಪಂದ್ಯಕ್ಕೆ ಹೋಗಲು ಪಾಸ್ ಕೊಟ್ಟು ಸಾವಿರಾರು ಮಕ್ಕಳನ್ನು ಆಟದಲ್ಲಿ ಉಳಿಸಿದ್ದು ಇವೇ. ಭಾರತದ ಮಹಿಳಾ ಹಾಕಿ ತಂಡದಲ್ಲಿ ರೈಲ್ವೆಯ ಹುಡುಗಿಯರಿಲ್ಲದೆ ಹನ್ನೊಂದು ಜನ ಕೂಡಿಸುವುದು ಬಹಳ ಕಾಲ ಕಷ್ಟವೇ ಇತ್ತು. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್, 1507 ಮೀಟರ್, ನಮ್ಮ ಸ್ಟೇಷನ್ನಿನಲ್ಲಿದೆ ಎಂದು ಬಂದವರಿಗೆಲ್ಲ ತೋರಿಸುತ್ತೇವೆ. ಆ ಹುಡುಗಿ ಓಡಿದ ಓಟಕ್ಕಿಂತ ಅದು ಏಳು ಮೀಟರ್ ಉದ್ದ.

ಹಾದಿ ಎಂದರೆ ಎಷ್ಟು ಸಣ್ಣ ಸಂಗತಿ ಎಂಬುದಕ್ಕೆ ಗದಗಿನ ಸುನೀಲ ಜೋಶಿಯವರ ಉದಾಹರಣೆ ಸಾಕು. ಭಾರತಕ್ಕೆ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದ ಎಡಗೈ ಸ್ಪಿನ್ನರ್. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದವರು. ಹುಡುಗರಾಗಿದ್ದಾಗ ಅವರು ಮುಂಜಾನೆ ಗದಗಿನಿಂದ ಹುಬ್ಬಳ್ಳಿಗೆ ಬಂದು, ಅಭ್ಯಾಸ ಮಾಡಿ, ಮತ್ತೆ ಗದಗಿಗೆ ಹೋಗಿ ಶಾಲೆಗೆ ಕೂಡುತ್ತಿದ್ದರು. ಹುಬ್ಬಳ್ಳಿಯಲ್ಲಿ ಒಂದು ನೆಟ್, ಅಲ್ಲಿಗೆ ಮುಟ್ಟಿಸುವ ಮುಂಜಾನೆಯ ಒಂದು ಬಂಡಿ, ಹೋಗಿ ಬಾ ಎಂದು ಕಳಿಸುವ ಒಂದು ಮನೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಭಾರತ ತಂಡಕ್ಕೆ ಆ ಬೌಲರ್ ಸಿಗುತ್ತಿರಲಿಲ್ಲ. ಈಗ ವಿಜಯಪುರದ ರಾಜೇಶ್ವರಿ ಗಾಯಕವಾಡ ಅವರನ್ನು ನೋಡಿ: 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದ ಮಹಿಳಾ ಕ್ರಿಕೆಟ್ ತಂಡಗಳೆರಡರಲ್ಲೂ ಇದ್ದವರು. ಉತ್ತರ ಕರ್ನಾಟಕದ ಹೆಣ್ಣುಮಗಳೊಬ್ಬಳು ಹೀಗೆ ಎರಡು ಮಹಾಕೂಟಗಳ ವೇದಿಕೆ ಹತ್ತಿದ್ದನ್ನು ನಾವು ಇನ್ನೂ ಜೋರಾಗಿ ಹೇಳಬೇಕಿತ್ತು. 2028ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಕ್ರಿಕೆಟ್ ಒಲಿಂಪಿಕ್ಸ್‌ಗೂ ಮರಳುತ್ತಿದೆ.

ಪದಕ ಪಟ್ಟಿಯ ಬಗ್ಗೆ ಒಂದು ಮಾತು. ಪ್ಯಾರಿಸ್‌ಗೆ ಭಾರತದಿಂದ 117 ಜನ ಹೋದರು, ಆರು ಪದಕ ಬಂದವು. ಅದೇ ಕೂಟದಲ್ಲಿ ನಮ್ಮವರು ಆರು ಸಲ ನಾಲ್ಕನೇ ಸ್ಥಾನಕ್ಕೆ ನಿಂತರು. ಆ ಆರರಲ್ಲಿ ಎಷ್ಟು ಹೆಸರು ನಮಗೆ ಬಾಯಿಗೆ ಬರುತ್ತವೆ? ಟೋಕಿಯೊದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ನಲ್ಲಿ ನಾಲ್ಕನೆಯವರಾದಾಗ ಎರಡು ದಿನ ಊರೆಲ್ಲ ಗಾಲ್ಫ್ ಮಾತಾಡಿತು, ಮೂರನೇ ದಿನ ಮರೆಯಿತು. 1976ರಲ್ಲಿ ಮಾಂಟ್ರಿಯಲ್ ಮ್ಯಾರಥಾನ್‌ನಲ್ಲಿ ಶಿವನಾಥ್ ಸಿಂಗ್ ಹನ್ನೊಂದನೆಯವರಾದರು. ಬರಿಗಾಲಲ್ಲಿ ಓಡಿ ಬೆಳೆದ ಮನುಷ್ಯ ಅವರು. 1978ರಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲುಗಲಿಲ್ಲ. 1920ರ ಹತ್ತೊಂಬತ್ತನೇ ಸ್ಥಾನ ಮತ್ತು 1976ರ ಹನ್ನೊಂದನೇ ಸ್ಥಾನದ ನಡುವೆ ಈ ದೇಶದ ದೂರ ಓಟದ ಇಡೀ ಚರಿತ್ರೆ ಇದೆ. ಪದಕವನ್ನು ಮಾತ್ರ ಎಣಿಸುವವರಿಗೆ ಅದು ಖಾಲಿ ಹಾಳೆ.

ನಮ್ಮ ಶಾಲೆಗಳಲ್ಲಿ ಈ ಹೆಸರುಗಳನ್ನು ಯಾಕೆ ಹೇಳುವುದಿಲ್ಲ? ಧಾರವಾಡದ ಮಗುವಿಗೆ ಬೆಳಗಾವಿ ಎರಡು ತಾಸಿನ ದಾರಿ. ಆ ಊರಿನ ಒಬ್ಬರು ಯುರೋಪಿನ ಮಳೆಯಲ್ಲಿ ಸುಮಾರು ನಲವತ್ತಮೂರು ಕಿಲೋಮೀಟರ್ ಓಡಿ ಜಗತ್ತಿನ ಹತ್ತೊಂಬತ್ತನೆಯವರಾದರು ಎಂದು ಐದನೇ ಇಯತ್ತೆಯಲ್ಲಿ ಕೇಳಿದ ಮಗು ಓಟವನ್ನು ನೋಡುವ ರೀತಿಯೇ ಬೇರೆ ಆಗುತ್ತದೆ. ಒಲಿಂಪಿಕ್ಸ್ ಎಂದರೆ ಟಿವಿಯಲ್ಲಿ ಬರುವ ಬೇರೆಯವರ ಹಬ್ಬ ಎಂದು ಅದು ತಿಳಿಯುವುದಿಲ್ಲ.

ಇನ್ನು ಕೈಕಾಡಿಯವರ ವಿಷಯ. ಹೆಸರೊಂದು, ಪಕ್ಕದಲ್ಲಿ ಹುಬ್ಬಳ್ಳಿ ಎಂಬ ಊರೊಂದು. ತಂಡದ ಪಟ್ಟಿಯಲ್ಲಿ ಇರುವುದು ಇಷ್ಟೇ. ಚೌಗುಲೆಯವರಿಗೆ ಒಂದು ಸಮಯ ಇದೆ, ಒಂದು ಸ್ಥಾನ ಇದೆ. ಶಿಂಧೆಯವರಿಗೆ ಒಂದು ಕಂಚಿನ ಕುಸ್ತಿ ಇದೆ. ಕೈಕಾಡಿಯವರ ಪಾಲಿಗೆ ಊರಿನ ಹೆಸರು ಬಿಟ್ಟರೆ ಏನೂ ಉಳಿದಿಲ್ಲ, ಆ ಊರೂ ಅವರನ್ನು ನೆನೆಯಲಿಲ್ಲ. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಅವರ ಹೆಸರಿನ ಒಂದು ಕಲ್ಲು ನಿಲ್ಲಬೇಕು ಎಂದು ನಾನು ಬಯಸುತ್ತೇನೆ. ಅದಕ್ಕೆ ಮೊದಲು ಅವರು ಯಾರು, ಎಲ್ಲಿ ಓಡಿ ಕಲಿತರು, ಹಿಂದಿರುಗಿದ ಮೇಲೆ ಹೇಗೆ ಬದುಕಿದರು ಎಂಬುದನ್ನು ಊರವರೇ ಕೂಡಿ ಹುಡುಕಬೇಕು.

ಹಳೆಯ ಮನೆಗಳ ಟ್ರಂಕಿನಲ್ಲಿ ಡೆಕ್ಕನ್ ಜಿಮ್ಖಾನಾದ ಪ್ರಮಾಣಪತ್ರ ಇರಬಹುದು. ಹಡಗಿನ ಮೇಲೆ ತೆಗೆಸಿದ ಫೋಟೋ ಇರಬಹುದು. ವರ್ಕ್‌ಶಾಪಿನ ಹಳೆಯ ರಜಿಸ್ಟರಿನಲ್ಲಿ, ಮುನಸಿಪಾಲಿಟಿಯ ಕಡತದಲ್ಲಿ, ಆಗಿನ ಕನ್ನಡ ಮರಾಠಿ ಪತ್ರಿಕೆಗಳ ಒಂದು ಮೂಲೆಯಲ್ಲಿ ಒಂದು ಸಾಲು ಇರಬಹುದು. ನಮ್ಮ ಮುತ್ತಜ್ಜ ಓಟಕ್ಕೆಂದು ವಿಲಾಯತಿಗೆ ಹೋಗಿದ್ದನಂತೆ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದರೆ, ಅದು ಕಟ್ಟುಕತೆ ಎಂದು ಬಿಡಬೇಡಿ. ನನಗೆ ತಿಳಿಸಿ. ಹಳೇ ಹುಬ್ಬಳ್ಳಿಯಿಂದ ಉಣಕಲ್ಲಿನವರೆಗೆ ಎಲ್ಲಿ ಕರೆದರೂ ಬಂದು, ಕೂತು ಕೇಳಿ ಬರೆದುಕೊಳ್ಳುತ್ತೇನೆ. ಸಂಜೆ ಆರರ ಮೇಲೆ ಯಾವ ದಿನವಾದರೂ ಆದೀತು, ರವಿವಾರ ಇಡೀ ದಿನ ಬಿಡುವಿದ್ದೇನೆ.